ಇಸ್ಕೂಲು ಶುರುವಾಗೋ ವಾರದ ಹುಣಸೆಹಣ್ಣು

ಮದುವೆಯಾಗಿ ತೋವಿನಕೆರೆಯಿಂದ ಮಧುಗಿರಿಗೆ ಬಂದ ಕೆಲವೇ ವರ್ಷಗಳಲ್ಲಿ ನಾನು ನಮ್ಮ ಬೀದಿಯ ಮಹಾ ದೈವಭಕ್ತೆ ಎಂದು ಹೆಸರಾಗಿಬಿಟ್ಟೆ. ದೇವರಲ್ಲಿ ನನಗೆ ಭಕ್ತಿ ಇದ್ದದ್ದು ನಿಜ, ಈಗಲೂ ಇದೆ. ಆದರೆ ಆ ಹೆಸರು ಬಂದದ್ದು ಭಕ್ತಿಯಿಂದಲ್ಲ, ಹುಣಸೆಹಣ್ಣಿನಿಂದ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಎಪ್ಪತ್ತರ ದಶಕದ ಮಾತು. ಶಿವರಾತ್ರಿ ಕಳೆದರೆ ಸಾಕು, ಬೀದಿಯ ಪ್ರತಿ ಜಗುಲಿಯ ಮೇಲೂ ಹುಣಸೆಹಣ್ಣಿನ ರಾಶಿ ಬೀಳುತ್ತಿತ್ತು. ಮಂಡಿಯ ಸಾಹುಕಾರರು ಸಿಪ್ಪೆಯ ಸಮೇತ ಹಣ್ಣು ತೂಗಿ ಮನೆಮನೆಗೆ ಕಳಿಸುವರು. ಹೆಂಗಸರು ಅದನ್ನು ಕುಟ್ಟಿ, ಸಿಪ್ಪೆ, ನಾರು, ಬೀಜ ತೆಗೆದು, ಶುದ್ಧ ಹಣ್ಣನ್ನು ವಾಪಸು ಒಪ್ಪಿಸಿ ಕೂಲಿ ತೆಗೆದುಕೊಳ್ಳುವುದು. ಎರಡು ತಿಂಗಳು ಬೆರಳ ಸಂದಿಯೆಲ್ಲ ಕಪ್ಪು. ಹುಳಿಗೆ ಚರ್ಮ ಸುಲಿದು, ಸಾರಿಗೆ ಉಪ್ಪು ಹಾಕುವಾಗ ಪ್ರಾಣ ಹೋದಂತಾಗುತ್ತಿತ್ತು. ನಮ್ಮ ಯಜಮಾನರು ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮೇಷ್ಟ್ರ ಹೆಂಡತಿ ಜಗುಲಿಯಲ್ಲಿ ಕೂತು ಹುಣಸೆ ಕುಟ್ಟುವುದೇ ಎಂದು ಅತ್ತೆಗೆ ಮೊದಲು ಮುಜುಗರವಾಯಿತು. ಕೂಲಿಯ ದುಡ್ಡಿನಲ್ಲಿ ಅವರ ನಶ್ಯದ ಡಬ್ಬಿ ತುಂಬತೊಡಗಿದ ಮೇಲೆ ಮುಜುಗರ ಹೋಯಿತು. ಅದೊಂದು ಪುಣ್ಯ.

ಒಂದು ಶ್ರಾವಣದಲ್ಲಿ ಮನೆಯ ಹುಣಸೆ ಮುಗಿದು, ನಾವೇ ಕುಟ್ಟಿಕೊಟ್ಟಿದ್ದ ಹಣ್ಣನ್ನು ಅದೇ ಮಂಡಿಯಿಂದ ಹೆಚ್ಚುಕಮ್ಮಿ ಎರಡರಷ್ಟು ಬೆಲೆಗೆ ತಂದೆವು. ನಾನು ಕೇಳಿದೆ, "ಅತ್ತೆ, ಈ ಮೂರು ತಿಂಗಳಲ್ಲಿ ಆ ಹಣ್ಣಿಗೆ ಸಾಹುಕಾರ್ರು ಏನ್ ಮಾಡಿದ್ರು?"

"ಏನ್ ಮಾಡ್ತಾರೆ? ಮೂಟೆ ಕಟ್ಟಿ ಮಡಗಿದ್ರು."

"ಬರೀ ಮಡಗಿದ್ದಕ್ಕೇ ಇಷ್ಟಾ?"

"ಹೂಂ ಕಣಮ್ಮ. ಮಡಗಾಕೆ ಅಟ್ಟ ಬೇಕು, ಅಲ್ಲೀಗಂಟ ಉಣ್ಣಾಕೆ ಬ್ಯಾರೆ ದಾರಿ ಇರ್ಬೇಕು. ನಿಂಗ್ಯಾಕೆ ಅದೆಲ್ಲ, ಸಾರು ಇಳಿಸು."

ಸಾರು ಇಳಿಸಿದೆ. ಆದರೆ ತಲೆ ಇಳಿಯಲಿಲ್ಲ. ನಮಗೂ ಅಟ್ಟ ಇತ್ತು, ತಿಂಗಳ ಸಂಬಳವೂ ಇತ್ತು. ಇಲ್ಲದಿದ್ದದ್ದು ಒಂದೇ, ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂಬ ತಿಳಿವಳಿಕೆ.

ಅದನ್ನು ಕೊಟ್ಟವನು ಶಿರಾದ ಬಳೆಗಾರ. ಆತ ಶಿರಾ, ಪಾವಗಡ, ಕೊರಟಗೆರೆ, ಮಧುಗಿರಿ ನಾಲ್ಕೂ ಸಂತೆ ಸುತ್ತುವವನು. ವಾರಕ್ಕೊಮ್ಮೆ ನಮ್ಮ ಬೀದಿಗೆ ಬರುವನು. ಬಳೆ ತೊಡಿಸುವಾಗ ಕೈ ನೋಯದಿರಲೆಂದು ಏನಾದರೂ ಮಾತಾಡುತ್ತಲೇ ಇರುತ್ತಿದ್ದ. ನಾನು ಮೆಲ್ಲಗೆ ಹುಣಸೆಯ ಬೆಲೆ ಕೇಳತೊಡಗಿದೆ.

"ಅರೆ ಅಕ್ಕಾ, ಎಲ್ರೂ ಬಳೆ ಭಾವ್ ಕೇಳಿ ಜಗಳ ಆಡ್ತಾರೆ. ನೀವು ಬಳೆಗೆ ಚೌಕಾಸೀನೇ ಮಾಡಲ್ಲ, ಹುಣಸೆ ಭಾವ್ ಕೇಳ್ತೀರ!"

"ನಿಂಗೆ ಗೊತ್ತಿಲ್ಲ ಅಂದ್ರೆ ಬಿಡಪ್ಪ."

"ಬಿಲ್ಕುಲ್ ಗೊತ್ತು! ಪಾವಗಡದಾಗೆ ಹಿಂಗೆ, ಕೊರಟಗೆರೇಲಿ ಹಂಗೆ..." ಎಂದು ನಾಲ್ಕೂ ಊರಿನ ಬೆಲೆ ಒಪ್ಪಿಸುವನು. ಆತನ ನೆನಪು ಒಂದು ದಿನವೂ ತಪ್ಪಿದ್ದಿಲ್ಲ.

ಸುದ್ದಿಗೆ ಬೆಲೆ ತೆರಬೇಕಲ್ಲ. ವಾರವಾರ ಬಳೆ ತೊಡಬೇಕಾಯಿತು. ನನ್ನ ಎರಡೂ ಕೈ ಮೊಣಕೈವರೆಗೆ ಬಳೆಯಾಗಿ, ರೊಟ್ಟಿ ತಟ್ಟಿದರೆ ಮೂರು ಮನೆ ಆಚೆಗೆ ಕೇಳಿಸುತ್ತಿತ್ತು. ಮುತ್ತೈದೆತನದ ಕಳೆ ಎಂದು ಅತ್ತೆ ಹಿಗ್ಗಿದರು. ಹೆಚ್ಚಾದವನ್ನು ಬೀದಿಯ ಹೆಣ್ಣುಮಕ್ಕಳಿಗೆ ತೊಡಿಸಿಬಿಡುತ್ತಿದ್ದೆ. ದಾನಿ ಎಂಬ ಹೆಸರೂ ಬಂತು.

ಕೇಳಿದ ಬೆಲೆಗಳನ್ನು ಹರಿದ ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲೆ ಬರೆದಿಡುತ್ತಿದ್ದೆ. ಒಂದು ಸಾಲಿಗೆ ನಾಲ್ಕು ಸಂಖ್ಯೆ. ಒಂದು ದಿನ ಅತ್ತೆ ಹಿಂದೆ ಬಂದು ನಿಂತರು. ಅವರಿಗೆ ಓದು ಬಾರದು.

"ಏನಮ್ಮ ಅದು, ದಿನಾ ಕೂತ್ಕಂಡು ಬರೀತೀಯ? ಶಿವನಾಮಾನಾ?"

ಬೇಡ ಎಂದರೂ ಬಾಯಿ "ಹೂಂ" ಎಂದುಬಿಟ್ಟಿತು.

ಸುಳ್ಳು ಪೂರ್ತಿ ಸುಳ್ಳಾಗದಿರಲೆಂದು ಅಂದಿನಿಂದ ಪ್ರತಿ ಹಾಳೆಯ ನೆತ್ತಿಯ ಮೇಲೆ ಒಂದು ಬಾರಿ "ಓಂ ನಮಃ ಶಿವಾಯ" ಎಂದು ಬರೆದು, ಕೆಳಗೆ ಹುಣಸೆಯ ಬೆಲೆ ಬರೆಯುತ್ತಿದ್ದೆ. ಅತ್ತೆ ಸುಮ್ಮನಿರುವವರಲ್ಲ. ಸೊಸೆ ಲಕ್ಷ ನಾಮ ಬರೆಯುತ್ತಿದ್ದಾಳೆ ಎಂದು ಬೀದಿಗೆಲ್ಲ ಸಾರಿದರು. ಹಾಳೆಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟು ಪ್ರತಿ ಸೋಮವಾರ ಅದಕ್ಕೆ ವಿಭೂತಿ ಹಚ್ಚಿ ಮಂಗಳಾರತಿ ಎತ್ತತೊಡಗಿದರು. ನಾಲ್ಕು ಸಂತೆಗಳ ಹುಣಸೆಯ ಬೆಲೆಗೆ ಕರ್ಪೂರದ ಆರತಿ! ನಾನು ಕಣ್ಣು ಮುಚ್ಚಿ ಕೈ ಮುಗಿದು ನಿಲ್ಲುತ್ತಿದ್ದೆ. ನಗು ತಡೆಯಲು ತುಟಿ ಕಚ್ಚಿಕೊಂಡರೆ, ಭಕ್ತಿಯಿಂದ ತುಟಿ ನಡುಗುತ್ತಿದೆ ಎಂದು ಅತ್ತೆ ಇನ್ನಷ್ಟು ಕರಗುವರು.

ನಾಲ್ಕು ವರ್ಷದ ಹಾಳೆಗಳನ್ನು ನೆಲದ ಮೇಲೆ ಹರಡಿ ನೋಡಿದಾಗ ರಂಗೋಲಿಯ ಎಳೆಯಂತೆ ಒಂದು ದಾರಿ ಕಾಣಿಸಿತು. ಯುಗಾದಿಯ ಹಿಂದಿನ ವಾರ ಬೆಲೆ ಬೀಳುತ್ತದೆ, ಹಬ್ಬದ ಖರ್ಚಿಗೆ ಎಲ್ಲರೂ ಮಾರುತ್ತಾರೆ. ಆಮೇಲೆ ನಿಧಾನ ಏರುತ್ತದೆ. ನಡುವೆ ಒಂದು ವಾರ, ಸ್ಕೂಲು ಬಾಗಿಲು ತೆರೆಯುವ ವಾರ, ದಡಕ್ಕನೆ ಕುಸಿಯುತ್ತದೆ. ಪುಸ್ತಕ, ಬಳಪ, ಚಡ್ಡಿ, ಲಂಗ ಎಂದು ಅಮ್ಮಂದಿರೆಲ್ಲ ಒಟ್ಟಿಗೆ ಉಳಿಸಿದ್ದನ್ನು ಮಾರುವ ವಾರ ಅದು. ಅಲ್ಲಿ ಹೆದರದೆ ಕೂತರೆ, ಮೂರು ನಾಲ್ಕು ಸಂತೆ ಕಳೆಯುವಷ್ಟರಲ್ಲಿ ಬೆಲೆ ಎಲ್ಲಕ್ಕಿಂತ ಮೇಲಕ್ಕೆ ಹೋಗುತ್ತದೆ. ನಾಲ್ಕಕ್ಕೆ ನಾಲ್ಕು ವರ್ಷವೂ ಹೀಗೇ.

ಮರುವರ್ಷ ಕೂಲಿಗೆ ದುಡ್ಡು ಬೇಡ, ಹಣ್ಣೇ ಕೊಡಿ ಎಂದು ಎರಡು ಮಡಕೆಯಷ್ಟು ಇಸಿದುಕೊಂಡೆ. ಉಪ್ಪು ಬೆರೆಸಿ ಒತ್ತಿ ಅಟ್ಟಕ್ಕೇರಿಸಿದೆ. ಲೆಕ್ಕ ಹೇಳಿದ ದಿನ ಮಾರಿದೆ. ಬಂದದ್ದರಲ್ಲಿ ದೇವರಿಗೊಂದು ಹಿತ್ತಾಳೆ ದೀಪ, ನನಗೊಂದು ಜೊತೆ ಚಪ್ಪಲಿ. ಜೀವನದಲ್ಲಿ ಯಾರನ್ನೂ ಕೇಳದೆ ಕೊಂಡ ಮೊದಲ ಚಪ್ಪಲಿ.

ಚಪ್ಪಲಿಯನ್ನು ಮೊದಲು ಕಂಡವಳು ಎದುರುಮನೆಯಾಕೆ. ಪಾವಗಡದ ಕಡೆ ರಾಯಚರ್ಲಿನಲ್ಲಿ ಕುರಿ ಸಾಕುವ ಮನೆಯ ಮಗಳು. ಮಾತೆತ್ತಿದರೆ ಅರ್ಧ ತೆಲುಗು, ಕಣ್ಣು ಹದ್ದಿನದು.

"ಅಕ್ಕಾ, ಯಾಡ್ನಿಂದ ಬಂತು ಈ ಚಪ್ಪಲಿ?"

ಹೇಳಿದೆ. ಹಾಳೆಯ ವಿಷಯ ಹೇಳಿದೆ, ಲೆಕ್ಕ ಹೇಳಿದೆ. ಆಕೆ ಒಂದು ಮಾತನ್ನೂ ನಂಬಲಿಲ್ಲ.

"ಅಯ್ಯೋ ದೇವುಡಾ! ಬರ್ದಿಟ್ರೆ ಹುಣಸೆಹಣ್ಣು ನಿನ್ನ ಮಾತು ಕೇಳ್ತದಾ? ಅದೆಲ್ಲ ಬುಡು. ಗುಡೀಲಿ ಅಮ್ಮನ್ನ ಹೂ ಕೇಳಾಣ. ಬಲಕ್ಕೆ ಬಿದ್ರೆ ನಾನೂ ಹಾಕ್ತೀನಿ."

ಬೀದಿಯ ಕೊನೆಯಲ್ಲಿ ಅಮ್ಮನ ಗುಡಿ. ಒದ್ದೆ ಹೂವನ್ನು ಅಮ್ಮನ ಎರಡು ಭುಜಕ್ಕೂ ಅಂಟಿಸಿ ಪ್ರಶ್ನೆ ಕೇಳುವುದು. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಪೂಜಾರಿ ತಾತ ಮಧ್ಯಾಹ್ನ ತೂಕಡಿಸುತ್ತಿದ್ದುದರಿಂದ ಹೂ ಅಂಟಿಸುವ ಕೆಲಸ ನನಗೇ ಬಂತು. ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಬಲಗಡೆಯ ಹೂವಿಗೆ ನೀರು ಕೊಂಚ ಕಡಿಮೆ ಸವರಿದೆ. ಅಮ್ಮ ನೋಡುತ್ತಲೇ ಇದ್ದಳು. ಹೂ ಬಲಕ್ಕೆ ಬಿತ್ತು.

ಆ ವರ್ಷ ಲಾಭವಾಯಿತು. ಮುಂದಿನ ವರ್ಷ ಬೀದಿಯ ಹನ್ನೊಂದು ಹೆಂಗಸರು ಸೇರಿದರು. ನಮ್ಮ ಅಟ್ಟದ ತೊಲೆ ಕಿರುಗುಟ್ಟುವಷ್ಟು ಮಡಕೆಗಳು. ಒಂದೊಂದರ ಕತ್ತಿಗೂ ಒಂದೊಂದು ಬಣ್ಣದ ದಾರ, ಯಾರದು ಎಂದು ತಿಳಿಯಲು. ಇದೇನು ಎಂದು ಯಜಮಾನರು ಕೇಳಿದರೆ, "ಮಠದ ದಾಸೋಹಕ್ಕೆ ಹರಕೆ" ಎಂದೆ. ಅವರು, "ಮಠದೋರು ಹುಳಿ ಜಾಸ್ತಿ ತಿಂತಾರೆ ಅನ್ಸುತ್ತೆ" ಎಂದು ಸೈಕಲ್ ಏರಿ ಹೋದರು.

ಎದುರುಮನೆಯಾಕೆಯದೇ ಎಲ್ಲಕ್ಕಿಂತ ಹೆಚ್ಚು, ಆರು ಮಡಕೆ. ಅಷ್ಟು ದುಡ್ಡು ಎಲ್ಲಿಂದ ಬಂತು ಎಂಬುದು ಆಮೇಲೆ ತಿಳಿಯಿತು. ತವರಿನವರು ಮದುವೆಯಲ್ಲಿ ಕೊಟ್ಟಿದ್ದ ಎರಡು ಕುರಿಗಳನ್ನು ಗಂಡನನ್ನೂ ಕೇಳದೆ ಹುಲಿಕುಂಟೆಯವರೊಬ್ಬರಿಗೆ ಮಾರಿದ್ದಳು. ಆಕೆಯ ಕಡೆಯವರಲ್ಲಿ ತವರಿನ ಕುರಿ ಎಂದರೆ ಹೆಣ್ಣುಮಗಳ ಸ್ವಂತ ಆಸ್ತಿ. ಗಂಡ ಮುಟ್ಟುವಂತಿಲ್ಲ, ಅಣ್ಣಂದಿರು ಬಂದಾಗಲೆಲ್ಲ ಅದು ಹೇಗಿದೆ ಎಂದು ನೋಡುವುದು ಪದ್ಧತಿ. ಅದು ಕಾಣದಿದ್ದರೆ ಗಂಡನ ಮನೆಯವರು ತಿಂದರು ಎಂದೇ ಅರ್ಥ. ಎರಡು ಮನೆಗೂ ಮಾತು ನಿಂತುಹೋಗುತ್ತದೆ.

"ನಮ್ಮಣ್ಣ ಬಂದ್ರೆ ಮೊದ್ಲು ನನ್ನ ಮಖ ನೋಡಾಕಿಲ್ಲಕ್ಕ, ಕುರಿ ಮಖ ನೋಡ್ತಾನೆ" ಎಂದು ಆಕೆ ನಗುತ್ತ ಹೇಳಿದಳು. ನನ್ನ ಲೆಕ್ಕ ತಪ್ಪಿದರೆ ಹೋಗುವುದು ಆಕೆಯ ತವರು.

ಸ್ಕೂಲು ಬಾಗಿಲು ತೆರೆಯುವ ವಾರ ಬಂತು. ಬೆಲೆ ಬಿತ್ತು. ಬೀಳುತ್ತದೆಂದು ನನಗೆ ಗೊತ್ತಿತ್ತು, ಆದರೆ ಈ ಸಲ ಯಾವ ವರ್ಷವೂ ಬೀಳದಷ್ಟು ಬಿತ್ತು. ಮಂಡಿಯ ಆಳು ಬೀದಿಯಲ್ಲಿ ಕೂಗಿಕೊಂಡು ಹೋದ, "ಇವತ್ತು ಕೊಟ್ರೆ ಈ ರೇಟು, ನಾಳೀಕೆ ಇದೂ ಇಲ್ಲ ಕಣ್ರವ್ವೋ!" ಹನ್ನೊಂದು ಹೆಂಗಸರೂ ನಮ್ಮ ನಡುಮನೆಗೆ ನುಗ್ಗಿದರು.

"ಹೂ ಕೇಳಾಣ ನಡೀರಿ" ಎಂದರು.

ಗುಡಿಯಲ್ಲಿ ನಾನು ಹೂವಿಗೆ ಕೈ ಹಾಕುವಷ್ಟರಲ್ಲಿ ಎದುರುಮನೆಯಾಕೆ ಬುಟ್ಟಿ ಕಿತ್ತುಕೊಂಡಳು. "ಈ ಸಲ ನಾನು ಅಂಟುಸ್ತೀನಿ. ಕುರಿ ನಂದು."

ಆಕೆ ಎರಡೂ ಹೂವನ್ನು ಸಮನಾಗಿ ಅದ್ದಿದಳು. ಮಾರೋದು ಬೇಡವಾದರೆ ಬಲಕ್ಕೆ ಕೊಡು ತಾಯಿ ಎಂದು ಬೇಡಿಕೊಂಡಳು. ಎಡಕ್ಕೆ ಬಿತ್ತು.

ಅಂದು ನಾನು ಮೋಸ ಮಾಡಿದ್ದನ್ನು ಅಮ್ಮ ಇಟ್ಟುಕೊಂಡಿದ್ದು ಈ ದಿನಕ್ಕೆ! ಈಗ ಮಾರಿದರೆ ಕುರಿ ಹೋಯಿತು ಎಂದು ಹಾಳೆ ಹೇಳುತ್ತಿದೆ, ಮಾರು ಎಂದು ಅಮ್ಮ ಹೇಳುತ್ತಿದ್ದಾಳೆ. ಗುಡಿಯ ಮುಂದೆಯೇ ಎಲ್ಲರೂ ಮಡಕೆ ಇಳಿಸಲು ಹೊರಟರು. ತಡೆಯಲು ನನಗೆ ಉಳಿದಿದ್ದು ನಿಜವೊಂದೇ.

ಮನೆಗೆ ಕರೆತಂದು, ದೇವರ ಗೂಡಿನಿಂದ ಕೆಂಪು ಗಂಟು ತೆಗೆದು ನೆಲಕ್ಕಿಟ್ಟು ಬಿಚ್ಚಿದೆ. ಹೂವಿಗೆ ನೀರು ಕಡಿಮೆ ಸವರಿದ್ದನ್ನೂ ಹೇಳಿದೆ. ಇವು ನಾಮವಲ್ಲ, ಬೆಲೆ ಎಂದೆ. ಒಂದೊಂದು ವರ್ಷದ ಸ್ಕೂಲಿನ ವಾರವನ್ನು ಓದಿದೆ. ಬಿತ್ತು, ಎದ್ದಿತು. ಬಿತ್ತು, ಎದ್ದಿತು. ಆರೂ ವರ್ಷ.

ಅತ್ತೆ ಮೂಲೆಯಿಂದ ಎದ್ದು ಬಂದರು. "ಲೇ, ಅಂಗಾರೆ ನಾನು ಆರತಿ ಎತ್ತಿದ್ದು ಯಾವುದಕ್ಕೆ?"

"ಹುಣಸೆಹಣ್ಣಿಗೆ, ಅತ್ತೆ."

"ಲಕ್ಷ ನಾಮ?"

"ಹಾಳೆಗೊಂದರಂಗೆ... ಒಂದು ಇನ್ನೂರಾಗಿರ್ಬೋದು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮಠದ ಅಯ್ಯನೋರಿಗೂ ಹೇಳಿವ್ನಿ ಕಣೇ ನಾನು! ಮಿಕ್ಕಿದ್ದು ನೀನು ಬರೀದೆ ಸಾಯಂಗಿಲ್ಲ. ತಿಳೀತಾ?" ಎಂದವರೇ ಎದುರುಮನೆಯಾಕೆಯ ಕಡೆ ತಿರುಗಿ, "ಆರತಿ ಎತ್ತಿದ್ದು ನಾನು, ಭಕ್ತಿಯಿಂದ್ಲೇ ಎತ್ತಿವ್ನಿ. ಆ ಹಾಳೇಲಿ ಏನಿದ್ರೂ ಅದು ಈಗ ದೇವ್ರುದೇಯ. ಹುಣಸೆಹಣ್ಣಾದ್ರೂನೂವೆ" ಎಂದರು.

ನಾನು ತಲೆ ತಗ್ಗಿಸಿ ಹಾಳೆ ನೋಡುತ್ತಿದ್ದೆ. ಆಗ ಕಾಣಿಸಿತು. ಎರಡನೇ ವರ್ಷದ ಒಂದು ಸಾಲಿನಲ್ಲಿ ಸರಾಸರಿ ತೆಗೆಯಲು ಹೋಗಿ ನಾನು ತಪ್ಪು ಕೂಡಿದ್ದೆ, ಅದರ ಪಕ್ಕದಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಸರಿಯಾದ ಉತ್ತರ ಬರೆದು ಕೆಳಗೊಂದು ಗೆರೆ ಎಳೆದಿದ್ದರು. ನಮ್ಮ ಮನೆಯಲ್ಲಿ ಕೆಂಪು ಶಾಯಿ ಇದ್ದದ್ದು ಒಬ್ಬರ ಜೇಬಿನಲ್ಲಿ ಮಾತ್ರ. ದಾಸೋಹದ ಹುಳಿಯ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

ಎದುರುಮನೆಯಾಕೆ ಒಮ್ಮೆ ಹಾಳೆಯನ್ನೂ ಗುಡಿಯ ದಿಕ್ಕನ್ನೂ ನೋಡಿದಳು. ಕೊನೆಗೆ, "ಅಮ್ಮ ಮಾರು ಅಂದ್ಳು. ಎಷ್ಟು ಮಾರು ಅಂತ ಹೇಳ್ಳಿಲ್ಲ. ತಲಾ ಒಂದು ಮಡಕೆ ಮಾರಾಣ, ಅವಳ ಮಾತೂ ನಡೀತದೆ. ಉಳಿದಿದ್ದು ಅಕ್ಕನ ಹಾಳೆಗೆ ಬುಡಾಣ" ಎಂದಳು. ಇಷ್ಟು ಚೆಂದದ ಲೆಕ್ಕ ನನಗೂ ಹೊಳೆದಿರಲಿಲ್ಲ. ಹನ್ನೊಂದು ಮಡಕೆ ಮಂಡಿಗೆ ಹೋಯಿತು. ಹೆಂಗಸರು ಹೆದರಿದರೆಂದು ಸಾಹುಕಾರರು ಬೆಲೆಯನ್ನು ಇನ್ನೂ ಇಳಿಸಿದರು.

ಅದೇ ವಾರ ರಾಯಚರ್ಲಿನ ಅಣ್ಣ ಬಂದ. ಆಕೆ ಪಕ್ಕದ ಬೀದಿಯಿಂದ ಎರಡು ಕುರಿ ಎರವಲು ತಂದು ಕೊಟ್ಟಿಗೆಯಲ್ಲಿ ಕಟ್ಟಿದ್ದಳು. ಬಣ್ಣ ಒಂದೇ, ಗಾತ್ರ ಒಂದೇ. ಆದರೆ ಅವರ ಮನೆತನದ ಗುರುತು ಎಡಗಿವಿಯ ತುದಿಯಲ್ಲಿ ಒಂದು ಸೀಳು. ಅದನ್ನೇ ಮರೆತಿದ್ದಳು.

ಅಣ್ಣ ಕಿವಿ ಹಿಡಿದು ನೋಡಿದ. ಇನ್ನೊಂದರದ್ದೂ ನೋಡಿದ. "ಏಮೇ ಚೆಲ್ಲೀ, ಈ ಕಿವಿ ಯಾವಾಗ ಕೂಡ್ಕಂತು?"

"ಮಧುಗಿರಿ ನೀರು ಒಳ್ಳೇದಣ್ಣ" ಎಂದಳು ಆಕೆ. ಬಾಗಿಲಲ್ಲಿ ನಿಂತಿದ್ದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಣ್ಣ ನಗಲಿಲ್ಲ. ಜಗುಲಿಯಲ್ಲಿ ನೀರೂ ಕುಡಿಯದೆ ಎದ್ದ. "ಉಣ್ಣೆ ಕತ್ತರ್ಸಾಕೆ ಬತ್ತೀನಿ. ಆವತ್ತು ಸೀಳುಗಿವಿ ಕುರಿ ಇಲ್ಲಿದ್ರೆ ಸರಿ. ಇಲ್ದಿದ್ರೆ ನಾನು ಬರೋದು ಇದೇ ಕಡೇ ಸಲ." ಉಣ್ಣೆ ಕತ್ತರಿಸಲು ಉಳಿದಿದ್ದು ಸರಿಯಾಗಿ ನಾಲ್ಕು ಸಂತೆ.

ಒಂದು ಸಂತೆ ಕಳೆಯಿತು. ಬೆಲೆ ಏಳಲಿಲ್ಲ. ಎರಡನೆಯದೂ ಕಳೆಯಿತು. ಆ ದಿನಗಳಲ್ಲಿ ನಾನು ಗುಡಿಗೆ ಹೋಗಿ ಅಮ್ಮನ ಮುಖ ನೋಡಲಾರದೆ ಅವಳ ಪಾದ ನೋಡಿಕೊಂಡು ಬರುತ್ತಿದ್ದೆ. ಮೂರನೆಯ ವಾರ ಬಳೆಗಾರ ಬಂದ. ಗಂಟು ಇಳಿಸಿದ, ನೀರು ಕೇಳಿದ, ಕುಡಿದ, ಮೀಸೆ ಒರೆಸಿಕೊಂಡ. ಹನ್ನೊಂದು ಹೆಂಗಸರು ಸುತ್ತ ನಿಂತಿದ್ದರು.

"ಏನಪ್ಪಾ, ಬಾಯಿಗೆ ಬೀಗ ಹಾಕಿದ್ಯಾ?" ಎಂದರು ಅತ್ತೆ.

"ಮೊದ್ಲು ಎಲ್ರೂ ಕೈ ನೀಡಿ" ಎಂದ. ಹನ್ನೊಂದು ಜನಕ್ಕೂ ಬಳೆ ತೊಡಿಸಿ, ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡ ಮೇಲೆ ಹೇಳಿದ, "ಇಲ್ಲಿ ಮಂಡಿಯೋರು ಒತ್ತಿ ಹಿಡ್ದವ್ರೆ. ಕೊರಟಗೆರೇಲಿ ಆಸ್ಮಾನ್ ಮುಟ್ಟೈತೆ."

ಮರುದಿನ ಬೆಳಗಿನ ಬಸ್ಸಿನ ಟಾಪಿನ ಮೇಲೆ ಬಣ್ಣಬಣ್ಣದ ದಾರದ ಮಡಕೆಗಳು, ಒಳಗೆ ನಾವು. ಲಗೇಜಿಗೆ ಕಂಡಕ್ಟರ್ ಕೇಳಿದ ಚಾರ್ಜು ಯಾರ ಸೆರಗಿನಲ್ಲೂ ಇರುತ್ತಿರಲಿಲ್ಲ, ಆ ಹನ್ನೊಂದು ಮಡಕೆ ಮಾರಿದ ದುಡ್ಡು ಇರದಿದ್ದರೆ. "ನೋಡ್ದ್ಯಾ ಅಕ್ಕಾ, ಅಮ್ಮ ಮಾರು ಅಂದಿದ್ದು ಬಸ್ ಚಾರ್ಜಿಗೆ!" ಎಂದು ಎದುರುಮನೆಯಾಕೆ ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು.

ಕೊರಟಗೆರೆಯಿಂದ ಆಕೆ ಮನೆಗೂ ಬರದೆ ಹುಲಿಕುಂಟೆಗೆ ಹೋದಳು. ಸೀಳುಗಿವಿಯ ಎರಡು ಕುರಿಗೆ ಕೊಂಡವರು ಹೆಚ್ಚು ಕೇಳಿದರು, ಕೊಟ್ಟಳು. ಅಷ್ಟರಲ್ಲಿ ಒಂದು ಕುರಿ ಮರಿ ಹಾಕಿತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅಣ್ಣ ಕತ್ತರಿ ಹಿಡಿದು ಬಂದ ದಿನ ಎರಡಿದ್ದಲ್ಲಿ ಮೂರು. ಕಿವಿ ನೋಡಿದ, ನೀರು ಕುಡಿದ, ಊಟವನ್ನೂ ಮಾಡಿದ. ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ಕಡ್ಲೆಕಾಯಿಗೂ ಅಂಥ ಹಾಳೆ ಐತಾ?" ಎಂದ.

ಆ ಲಾಭದಲ್ಲಿ ಏನು ಮಾಡುವುದೆಂದು ನಡುಮನೆಯಲ್ಲಿ ಜಗಳವೇ ಆಯಿತು. ಅಮ್ಮನಿಗೆ ಬೆಳ್ಳಿಯ ಕಣ್ಣು ಎಂದರು ಕೆಲವರು. ಅಮ್ಮನ ಕಣ್ಣು ಈಗಲೇ ಚೆನ್ನಾಗಿ ಕಾಣುತ್ತದೆ, ನನಗೆ ಗೊತ್ತು ಎಂದೆ. ಕೊನೆಗೆ ಅಟ್ಟದಲ್ಲಿ ಮಾರದೆ ಉಳಿದಿದ್ದ ಒಂದು ಮಡಕೆ ನಿಜವಾಗಿಯೂ ಮಠದ ದಾಸೋಹಕ್ಕೆ ಹೋಯಿತು, ನನ್ನ ಸುಳ್ಳು ತೀರಲಿ ಎಂದು. ಲಾಭದ ದುಡ್ಡಿನಲ್ಲಿ ಬೀದಿಯ ಸ್ಕೂಲು ಮಕ್ಕಳಿಗೆ ಪುಸ್ತಕ, ಬಳಪ, ದೊಡ್ಡ ಹೆಣ್ಣುಮಕ್ಕಳಿಗೆ ಕಂಪಾಸು ಪೆಟ್ಟಿಗೆ. ಪ್ರತಿ ವರ್ಷ, ಸ್ಕೂಲು ತೆರೆಯುವ ಮೊದಲೇ. ಕಂಪಾಸು ಪೆಟ್ಟಿಗೆಗೆ ನಾನೊಂದು ಷರತ್ತು ಇಟ್ಟೆ. ಹತ್ತೊಂಬತ್ತರ ಮಗ್ಗಿ ತಪ್ಪಿಲ್ಲದೆ ಒಪ್ಪಿಸಬೇಕು. ಕೆಲವು ವರ್ಷ ನಾನು ಬೀದಿಗೆ ಇಳಿದರೆ ಹುಡುಗಿಯರು ಸಂದಿಗೆ ನುಗ್ಗಿ ಮಾಯವಾಗುತ್ತಿದ್ದರು. ಆದರೂ ಒಂದು ವರ್ಷವೂ ಪೆಟ್ಟಿಗೆ ಮಿಗಲಿಲ್ಲ. ಯಜಮಾನರಿಗೆ ಒಂದು ಹೊಸ ಬಾಟಲಿ ಕೆಂಪು ಶಾಯಿ ತಂದುಕೊಟ್ಟೆ. ಅವರು ತೆಗೆದುಕೊಂಡು ಪೆನ್ನು ತುಂಬಿಸಿಕೊಂಡರು.

ನಮ್ಮನ್ನು ನೋಡಿ ಪಕ್ಕದ ಬೀದಿಯವರೂ, ಕೋಟೆಯ ಕೆಳಗಿನವರೂ ಇದೇ ರೀತಿ ಸೇರಿಕೊಂಡರು. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಹಾಳೆ ಹರಡಿ ನೋಡಿದರೆ, ಮಧುಗಿರಿಯ ಸಾಲಿನಲ್ಲಿ ಸ್ಕೂಲಿನ ವಾರದ ಕುಸಿತವೇ ಇಲ್ಲ! ಪುಸ್ತಕ ಮೊದಲೇ ಬಂದ ಮನೆಯ ತಾಯಿ ಆ ವಾರ ಯಾಕೆ ಮಾರುತ್ತಾಳೆ? ಬೇರೆ ಕಾರಣಗಳೂ ಇದ್ದವೋ ಏನೋ, ಬಲ್ಲವರು ಹೇಳಬೇಕು. ನಾನು ಮಾತ್ರ ಇದನ್ನೇ ಕಾರಣ ಎಂದು ಇಟ್ಟುಕೊಂಡಿದ್ದೇನೆ. ಹನ್ನೆರಡು ವರ್ಷ ಬರೆದ ಲೆಕ್ಕವನ್ನು ನಾನೇ ಕೈಯಾರೆ ಕೆಡಿಸಿಕೊಂಡಿದ್ದೆ. ಮೇಲಿಂದ ಅಮ್ಮ ನಕ್ಕಿರಬೇಕು. ನಾನೂ ನಕ್ಕೆ, ಒಬ್ಬಳೇ, ಅಡುಗೆಮನೆಯಲ್ಲಿ.

ಹುಣಸೆಯ ಹಾಳೆ ನಿಂತಿತು. ಮರುದಿನವೇ ಅತ್ತೆ ಹೊಸ ನೋಟುಪುಸ್ತಕ ತಂದು ಎದುರಿಗಿಟ್ಟರು. "ಮಿಕ್ಕಿದ್ದು ಬರಿ."

ಬರೆಯಲು ಕೂತೆ. ಅತ್ತೆ ಹೋದ ಮೇಲೂ ಬರೆದೆ, ಇನ್ನೂ ಬರೆಯುತ್ತಿದ್ದೇನೆ. ಎದುರುಮನೆಯಾಕೆ ಆಗಾಗ ಬಂದು ಪುಟ ತಿರುವಿ ಪರೀಕ್ಷೆ ಮಾಡುತ್ತಾಳೆ, ನನ್ನನ್ನು ನಂಬುವುದಿಲ್ಲ. ಪುಟದ ತುಂಬ ಶಿವನಾಮವೇ ಇರುತ್ತದೆ. ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ನಾಲ್ಕು ಸಂಖ್ಯೆ ಇರುತ್ತದೆ. ಬಳೆಗಾರನ ಮಗ ಈಗಲೂ ಬರುತ್ತಾನಲ್ಲ, ಅವನನ್ನು ಸುಮ್ಮನೆ ಕಳಿಸಲು ಮನಸ್ಸಾಗುವುದಿಲ್ಲ.